ಅವಮಾನ ಮೈಗೂ ತಾಗುತ್ತದೆಯೇ? ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಹೋದ ಸಂಚಿಕೆಯಲ್ಲಿ ನಿದ್ದೆ ಮತ್ತು ಬಿಪಿ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಧಾರವಾಡದ ಒಬ್ಬ ವಿದ್ಯಾರ್ಥಿನಿಯ ಪತ್ರವೂ ಇತ್ತು. ಈ ಸಲ ಹೆಚ್ಚಿನ ಜಾಗ ಅವಳಿಗೇ ಕೊಟ್ಟಿದ್ದೇನೆ. ಉಳಿದ ಮೂರು ಪತ್ರಗಳನ್ನೂ ಅದಕ್ಕೆ ಹೊಂದುವಂತೆ ಆರಿಸಿಕೊಂಡೆ.

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಊರು ರೋಣದ ಕಡೆ. ತಾರತಮ್ಯದಿಂದ ಆಗುವ ಒತ್ತಡ ಮೆದುಳಿಗೆ, ಆರೋಗ್ಯಕ್ಕೆ ಏನು ಮಾಡುತ್ತದೆ ಅನ್ನೋದನ್ನ ಪ್ರಾಜೆಕ್ಟ್‌ಗೆ ಆರಿಸಿಕೊಂಡಿದ್ದೇನೆ. ನಮ್ಮ ಹಾಸ್ಟೆಲ್ ಹುಡುಗಿಯರನ್ನೇ ಕೇಳಬೇಕು ಅಂತಿದ್ದೇನೆ. "ಇದು ಸಮಾಜಶಾಸ್ತ್ರದವರ ಕೆಲಸ, ನೀನು ಜೀವಶಾಸ್ತ್ರದವಳು" ಅಂತ ಒಬ್ಬರು ಅಂದರು. ಇದು ವಿಜ್ಞಾನ ಅಲ್ವಾ? ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಅಳೆದರೆ ಸಾಕಾ? ನನ್ನಂಥವಳಿಂದ ಆಗುವ ಕೆಲಸವಾ ಇದು?
— ಹೆಸರು ಬೇಡ, ಧಾರವಾಡ

ಉತ್ತರ: ಆಗುತ್ತದೆ ತಂಗಿ. ಮತ್ತೆ ಇದು ಅಪ್ಪಟ ಜೀವಶಾಸ್ತ್ರ. ನಿಮ್ಮ ವಿಭಾಗದವರಿಗೆ ಯಾರಾದರೂ ಇದನ್ನು ಗಟ್ಟಿಯಾಗಿ ಹೇಳಬೇಕು.

ನಾಲ್ಕು ಜನರ ಮುಂದೆ ಯಾರೋ ನಿನ್ನನ್ನು ಕೀಳಾಗಿ ಕಂಡರು ಅಂದುಕೋ. ಮೆದುಳಿನ ತಳದಲ್ಲಿ ಹೈಪೋಥಲಾಮಸ್ ಇದೆ. ಅದು ಪಿಟ್ಯೂಟರಿ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಸುದ್ದಿ ರಕ್ತದಲ್ಲಿ ಹರಿದು ಮೂತ್ರಪಿಂಡಗಳ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳಿಗೆ ಹೋಗುತ್ತದೆ. ಅವು ಕಾರ್ಟಿಸಾಲ್ ಬಿಡುತ್ತವೆ. ಇದಕ್ಕೂ ಮೊದಲೇ ಅಡ್ರಿನಲಿನ್ ಬಂದು ಎದೆಬಡಿತ ಏರಿರುತ್ತದೆ, ಅಂಗೈ ಬೆವೆತಿರುತ್ತದೆ. ಎದುರಿಗೆ ಹಾವು ಬಂದಾಗಲೂ ಇದೇ ದಾರಿ, ಚುಚ್ಚುಮಾತು ಬಂದಾಗಲೂ ಇದೇ ದಾರಿ.

ಪ್ರಯೋಗಾಲಯದಲ್ಲಿ ಜನರಿಗೆ ಒತ್ತಡ ಕೊಟ್ಟು ಕಾರ್ಟಿಸಾಲ್ ಅಳೆದ 208 ಅಧ್ಯಯನಗಳನ್ನು ಡಿಕರ್ಸನ್ ಮತ್ತು ಕೆಮೆನಿ ಎಂಬ ಇಬ್ಬರು ಒಟ್ಟಿಗೆ ಇಟ್ಟು ನೋಡಿದರು. ಅದು 2004ರಲ್ಲಿ ಪ್ರಕಟವಾಯಿತು. ಎಲ್ಲ ಕೆಲಸಗಳೂ ಕಾರ್ಟಿಸಾಲನ್ನು ಒಂದೇ ಥರ ಏರಿಸಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಏರಿದ್ದು ಎರಡು ಸಂಗತಿ ಕೂಡಿ ಬಂದಾಗ. ಒಂದು, ಬೇರೆಯವರು ನಮ್ಮನ್ನು ತೂಗಿ ನೋಡುತ್ತಿದ್ದಾರೆ ಅನ್ನಿಸಬೇಕು. ಇನ್ನೊಂದು, ಏನು ಮಾಡಿದರೂ ಪರಿಸ್ಥಿತಿ ನಮ್ಮ ಕೈಲಿಲ್ಲ ಅನ್ನಿಸಬೇಕು. ತಾರತಮ್ಯದಲ್ಲಿ ಇವೆರಡೂ ಒಟ್ಟಿಗೇ ಇರುತ್ತವೆ. ಜಾತಿ, ಬಣ್ಣ, ಹುಟ್ಟಿದ ಊರು ಯಾವುದನ್ನೂ ಬದಲಿಸಲು ಬರುವುದಿಲ್ಲ, ಅಲ್ವಾ?

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಹುಡುಗರಿಗೆ ಫಿಸಿಯಾಲಜಿ ಪ್ರಾಕ್ಟಿಕಲ್ ಮಾಡಿಸುತ್ತಿದ್ದಾಗ ಒಂದು ಪರೀಕ್ಷೆ ಇತ್ತು. ತೋಳಿಗೆ ಬಿಪಿ ಪಟ್ಟಿ ಕಟ್ಟಿ, "100ರಿಂದ 7 ಕಳೆಯುತ್ತ ಹೋಗು, ಗಟ್ಟಿಯಾಗಿ ಹೇಳು" ಅನ್ನುತ್ತಿದ್ದೆವು. ನರಗುಂದದ ಕಡೆಯ ಒಬ್ಬ ಹುಡುಗ, ಪಿಯುಸಿಯವರೆಗೆ ಕನ್ನಡ ಮಾಧ್ಯಮ. ಬ್ಯಾಚಿನವರೆಲ್ಲ ಸುತ್ತ ನಿಂತಿದ್ದರು. "ನೈಂಟಿ ತ್ರೀ" ಅಂದ. ಆಮೇಲೆ ತಡವರಿಸಿದ. ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಪಾದರಸ ಸರ್ರನೆ ಮೇಲೇರಿತು. ಎಲ್ಲರೂ ಹೋದ ಮೇಲೆ ಅವನನ್ನು ಕೂರಿಸಿ ಅದೇ ಲೆಕ್ಕ ಕನ್ನಡದಲ್ಲಿ ಮಾಡಿಸಿದೆ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ಎಲ್ಲೂ ನಿಲ್ಲದೆ ಎರಡಕ್ಕೆ ಬಂದು ಮುಟ್ಟಿದ. ಬಿಪಿ ಸ್ವಲ್ಪ ಮಾತ್ರ ಅಲುಗಾಡಿತು. ಲೆಕ್ಕ ಅದೇ, ಹುಡುಗ ಅವನೇ.

ಒಂದು ಸಲ ಏರಿ ಇಳಿದರೆ ತೊಂದರೆ ಇಲ್ಲ. ಮೈ ಇರುವುದೇ ಹಾಗೆ. ದಿನಾ ಏರುತ್ತಿದ್ದರೆ, "ಇವತ್ತು ಯಾರು ಏನನ್ನುತ್ತಾರೋ" ಎಂಬ ಕಾಯುವಿಕೆಯಲ್ಲೇ ಅರ್ಧ ಏರಿಕೊಂಡಿದ್ದರೆ ಕಷ್ಟ. ಬೋರ್‌ವೆಲ್ ಮೋಟರನ್ನು ಆಫ್ ಮಾಡದೆ ಬಿಟ್ಟ ಹಾಗೆ. ಈ ಸವಕಳಿಗೆ ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಇವನ್ 1993ರಲ್ಲಿ ಸ್ಟೆಲ್ಲರ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ 'ಅಲೋಸ್ಟ್ಯಾಟಿಕ್ ಲೋಡ್' ಅಂತ ಹೆಸರಿಟ್ಟರು. ನಿನ್ನ ಪ್ರಾಜೆಕ್ಟಿನ ಮೊದಲ ಅಧ್ಯಾಯ ಇವರಿಂದ ಶುರುವಾಗಲಿ. ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಇಂಥ ಒತ್ತಡದ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುತ್ತದೆ ಅಂತ 1968ರಲ್ಲೇ ತೋರಿಸಿದ್ದು ಮೆಕ್‌ಇವನ್ ಅವರೇ. ನೆನಪಿಗೆ ಬೇಕಾದ ಭಾಗ ಅದು. ಮುಂದೆ ಇಲಿಗಳನ್ನು ದಿನಕ್ಕೆ 6 ಗಂಟೆಯಂತೆ 21 ದಿನ ಅಲುಗಾಡದ ಹಾಗೆ ಇಟ್ಟು ನೋಡಿದಾಗ ಅಲ್ಲಿಯ ನರಕೋಶಗಳ ಕವಲುಗಳು ಮೊಟಕಾದವು. ಒತ್ತಡ ನಿಂತ ಮೇಲೆ ಮತ್ತೆ ಬೆಳೆದವು.

ಈ ಕೊನೆಯ ಮಾತನ್ನು ಬಿಟ್ಟು ಬರೆಯಬೇಡ. ಮನುಷ್ಯರಲ್ಲೂ ಇದಕ್ಕೆ ಹತ್ತಿರದ್ದು ಕಂಡಿದೆ. 2009ರಲ್ಲಿ ಮೆಕ್‌ಇವನ್ ತಂಡದವರು ದೊಡ್ಡ ಪರೀಕ್ಷೆಗೆ ಓದುತ್ತಿದ್ದ ವೈದ್ಯ ವಿದ್ಯಾರ್ಥಿಗಳ ಮೆದುಳನ್ನು ಸ್ಕ್ಯಾನ್ ಮಾಡಿದರು. ತಿಂಗಳ ಒತ್ತಡದಲ್ಲಿ ಗಮನವನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಶಕ್ತಿ ಕುಗ್ಗಿತ್ತು, ಮುಂಭಾಗದ ಮೆದುಳಿನ ಜೋಡಣೆ ಸಡಿಲವಾಗಿತ್ತು. ಒತ್ತಡ ಕಡಿಮೆಯಾಗಿ ತಿಂಗಳಾದ ಮೇಲೆ ಎರಡೂ ಸರಿಹೋಗಿದ್ದವು. ತಾರತಮ್ಯ ಉಂಡವರ ಮೆದುಳು ಕೆಟ್ಟೇಹೋಯಿತು ಅಂತ ನೀನು ಬರೆದರೆ, ಅದು ಅವರ ಮೇಲೆ ಇನ್ನೊಂದು ಹಣೆಪಟ್ಟಿ ಅಂಟಿಸಿದಂತೆ. ಅದು ಸುಳ್ಳು ಕೂಡ.

ಈಗ ಅಳೆಯುವ ಮಾತು. ಕಾರ್ಟಿಸಾಲ್ ಬೇಡ ಅನ್ನುತ್ತೇನೆ. ಅದು ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಎದ್ದ ಅರ್ಧ ಮುಕ್ಕಾಲು ಗಂಟೆಯೊಳಗೆ ಜೋರಾಗಿ ಏರುತ್ತದೆ, ಸಂಜೆಗೆ ಇಳಿಯುತ್ತದೆ, ಮಧ್ಯರಾತ್ರಿ ಹೊತ್ತಿಗೆ ತಳ ಮುಟ್ಟುತ್ತದೆ. ಕಾರ್ಟಿಸಾಲ್ ಅಳೆಯಲು ಬೆಳಗ್ಗೆ ಹನ್ನೊಂದಕ್ಕೆ ಒಂದು ಸಲ ಎಂಜಲು ತೆಗೆದುಕೊಂಡರೆ ನಿನಗೆ ಏನೂ ತಿಳಿಯದು. ಬಹಳ ಕಾಲ ಒತ್ತಡದಲ್ಲಿದ್ದ ಕೆಲವರಲ್ಲಿ ಕಾರ್ಟಿಸಾಲ್ ಹೆಚ್ಚಿರುವ ಬದಲು ಬೆಳಗಿನ ಏರು, ಸಂಜೆಯ ಇಳಿತ ಎರಡೂ ಮಂದವಾಗಿರುತ್ತವೆ. ಹಾಗಾಗಿ ಪ್ರತಿಯೊಬ್ಬಳಿಂದ ಎದ್ದ ಕೂಡಲೇ, ಅರ್ಧ ಗಂಟೆಗೆ, ಮಲಗುವಾಗ ಹೀಗೆ ಹಲವು ಮಾದರಿ ಬೇಕು. ಅದೂ ಹಲ್ಲುಜ್ಜುವ ಮೊದಲು, ಚಹಾ ಕುಡಿಯುವ ಮೊದಲು. ನಿಮ್ಮ ಹಾಸ್ಟೆಲ್ಲಿನಲ್ಲಿ ಬೆಳಗ್ಗೆ ಬಕೆಟ್ ಹಿಡಿದು ಬಿಸಿನೀರಿಗೆ ಸಾಲು ನಿಂತವರನ್ನು ತಡೆದು ಕೊಳವೆಗೆ ಎಂಜಲು ಉಗುಳಿಸುವುದು ಸುಲಭವಾ ಹೇಳು. ಖರ್ಚೂ ಇದೆ. ಎಂಜಲಿನ ಕಾರ್ಟಿಸಾಲ್ ಅಳೆಯುವ ಎಲೈಸಾ ಕಿಟ್‌ನಲ್ಲಿ 96 ಗುಳಿ. ಪ್ರತಿ ಮಾದರಿಯನ್ನು ಎರಡೆರಡು ಸಲ ಹಾಕಬೇಕು, ಹೋಲಿಕೆಯ ದ್ರಾವಣಗಳಿಗೂ ಜಾಗ ಬೇಕು. 40 ಮಾದರಿಗೆ ಕಿಟ್ ಮುಗಿಯುತ್ತದೆ. ಒಬ್ಬಳಿಗೆ ಮೂರರಂತೆ ಹದಿಮೂರು ಹುಡುಗಿಯರು, ಅಷ್ಟೇ.

ಬಿಪಿ ಅಳೆ, ಆದರೆ ಸರಿಯಾಗಿ ಅಳೆ. ಅರ್ಧ ಗಂಟೆ ಮೊದಲಿಂದ ಚಹಾ ಬೇಡ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ, 5 ನಿಮಿಷ ಸುಮ್ನೆ ಕೂರಬೇಕು. ಮಾತು ಬೇಡ. ನಿಮಿಷದ ಅಂತರದಲ್ಲಿ ಎರಡು ಮೂರು ಸಲ ನೋಡಿ ಸರಾಸರಿ ಹಾಕು. ಒತ್ತಡದ ಅನಿಸಿಕೆಗೆ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಅವರ 10 ಪ್ರಶ್ನೆಗಳ ಪಟ್ಟಿ ಇದೆ, 40ಕ್ಕೆ ಅಂಕ. ನಿದ್ದೆ ಎಷ್ಟು ಗಂಟೆ, ಮನೆಯಲ್ಲಿ ಯಾರಿಗಾದರೂ ಬಿಪಿ ಇದೆಯಾ, ತಿಂಗಳ ಖರ್ಚಿಗೆ ಹಣ ಸಾಲುತ್ತದಾ ಇವನ್ನೂ ಕೇಳು. ಪರೀಕ್ಷೆಯ ವಾರದಲ್ಲಿ ಮಾತ್ರ ಕೇಳಬೇಡ.

ನಿನ್ನ ಜಾಣತನ ಬೇಕಾಗುವುದು ತಾರತಮ್ಯದ ಪ್ರಶ್ನೆಗಳಲ್ಲಿ. ಅಮೆರಿಕದ ಸಂಶೋಧಕ ಡೇವಿಡ್ ವಿಲಿಯಮ್ಸ್ 1997ರಲ್ಲಿ ಕೊಟ್ಟ 9 ಪ್ರಶ್ನೆಗಳ ಪಟ್ಟಿ ಜಗತ್ತಿನ ಎಷ್ಟೋ ಕಡೆ ಬಳಕೆಯಲ್ಲಿದೆ. ಅದು "ನಿಮಗೆ ತಾರತಮ್ಯ ಆಗಿದೆಯಾ?" ಅಂತ ಕೇಳುವುದಿಲ್ಲ. ನಿಮಗೆ ಬೇರೆಯವರಿಗಿಂತ ಕಡಿಮೆ ಮರ್ಯಾದೆ ಕೊಡುತ್ತಾರಾ, ನಿಮಗೆ ಬುದ್ಧಿ ಕಡಿಮೆ ಅನ್ನುವ ಹಾಗೆ ನಡೆದುಕೊಳ್ಳುತ್ತಾರಾ, ಎಷ್ಟು ಸಲ, ಅಂತ ಕೇಳುತ್ತದೆ. ಯಾಕೆ ಹೀಗೆ ಅನ್ನಿಸುತ್ತದೆ ಎಂಬ ಪ್ರಶ್ನೆ ಕೊನೆಗೆ. ಈ ಕ್ರಮವನ್ನು ಕೆಡಿಸಬೇಡ. ಜಾತಿಯ ಮಾತಿನಿಂದ ಶುರು ಮಾಡಿದರೆ ಹುಡುಗಿಯರು ಬಾಗಿಲು ಹಾಕಿಕೊಳ್ಳುತ್ತಾರೆ.

ಆದರೆ ಅದರಲ್ಲಿರುವ ಹೋಟೆಲಿನ ಸೇವೆಯ ಪ್ರಶ್ನೆ ನಮ್ಮ ಕಡೆಗೆ ಸಾಲದು. ನಮ್ಮಲ್ಲಿ ಹೇಗೆ ನಡೆಯುತ್ತದೆ? ರೂಮು ಬಾಡಿಗೆಗೆ ಕೇಳಲು ಹೋದರೆ ಮನೆಯಾಕೆ ನಗುನಗುತ್ತಲೇ "ನಿಮ್ಮ ಅಡ್ಡಹೆಸರೇನ್ರೀ?" ಅನ್ನುತ್ತಾರೆ. ಹೇಳಿದ ಮೇಲೆ "ಮೊನ್ನೆನ ಕೊಟ್ಟೇವ್ರೀ" ಅನ್ನುತ್ತಾರೆ. ಬೋರ್ಡು ಮಾತ್ರ ಗೇಟಿಗೆ ಹಾಗೇ ಇರುತ್ತದೆ. ಬೆಟಗೇರಿಯ ನೇಕಾರರ ಮನೆಯಿಂದ ಧಾರವಾಡಕ್ಕೆ ಓದಲು ಬಂದ ನನಗೂ "ನೀವು ಯಾರ ಪೈಕಿ?" ಅಂತ ಕೇಳಿದವರಿದ್ದಾರೆ. ಕುಡಿಯಲು ನೀರು ಕೇಳಿದರೆ ಲೋಟ ಕೊಡದೆ ಮೇಲಿನಿಂದ ಸುರಿಯುವುದು, ಮೆಸ್ಸಿನಲ್ಲಿ ಪಕ್ಕದ ಕುರ್ಚಿ ಖಾಲಿ ಬಿಡುವುದು, ಸ್ಕಾಲರ್‌ಶಿಪ್ ಬಂತು ಅಂದರೆ "ನಿಮಗೇನ್ ಬಿಡವಾ" ಅನ್ನುವುದು, ಬೆಂಗಳೂರಿನ ಇಂಟರ್‌ವ್ಯೂನಲ್ಲಿ ನಮ್ಮ ಮಾತಿನ ಧಾಟಿಗೆ ನಗುವುದು. ಇಂಥವನ್ನು ಹುಡುಗಿಯರಿಂದಲೇ ಕೇಳಿ ತಿಳಿದು ಪ್ರಶ್ನೆಯಾಗಿಸು. ಮೂಲದ ಪ್ರಶ್ನೆಗಳನ್ನು ಕನ್ನಡಕ್ಕೆ ತಂದ ಮೇಲೆ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡು.

ಇನ್ನು ಬಹಳ ಮುಖ್ಯವಾದದ್ದು. ಯಾರನ್ನೂ ಕೇಳುವ ಮೊದಲು ಎಥಿಕ್ಸ್ (ಸಂಶೋಧನಾ ನೈತಿಕತೆ) ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ಮಾರ್ಗಸೂಚಿ ಕನ್ನಡಿಯಷ್ಟು ಸ್ಪಷ್ಟವಾಗಿದೆ, ಓದು. ನಿಮ್ಮ ಕಾಲೇಜಿನಲ್ಲಿ ಸಮಿತಿ ಇಲ್ಲದಿದ್ದರೆ ಹುಬ್ಬಳ್ಳಿಯ ಅಥವಾ ಸತ್ತೂರಿನ ವೈದ್ಯಕೀಯ ಕಾಲೇಜಿನ ಫಿಸಿಯಾಲಜಿ ಅಧ್ಯಾಪಕರೊಬ್ಬರನ್ನು ಜೊತೆ ಗೈಡ್ ಆಗಿರಲು ಕೇಳು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. "ಬೇಡ" ಅಂದವಳನ್ನು ಮತ್ತೆ ಕೇಳಬೇಡ, ಗೆಳತಿಯಾದರೂ ಅಷ್ಟೇ.

ಹೆಸರು ತೆಗೆದರೆ ಗುಟ್ಟು ಉಳಿಯಿತು ಅಂದುಕೊಳ್ಳಬೇಡ. "ಬಿ.ಎಸ್ಸಿ. ಎರಡನೇ ವರ್ಷ, ಸಸ್ಯಶಾಸ್ತ್ರ, ಮುಂಡರಗಿ ತಾಲೂಕು, ಇಂಥ ಜಾತಿ" ಅಂತ ಕೋಷ್ಟಕದಲ್ಲಿ ಬರೆದರೆ ಹಾಸ್ಟೆಲ್ಲಿನಲ್ಲಿ ಅದು ಯಾರು ಅಂತ ವಾರ್ಡನ್‌ಗೂ ಗೊತ್ತಾಗುತ್ತದೆ, ಅಡುಗೆಯವರಿಗೂ ಗೊತ್ತಾಗುತ್ತದೆ. ಆಮೇಲೆ ಅವಳ ಪಾಡು? ಅದಕ್ಕೇ ಹಾಸ್ಟೆಲ್ ಒಂದೇ ಸಾಲದು, ಎರಡು ಮೂರು ಕಡೆಯಿಂದ ಸೇರಿಸು. ಊರು, ವಿಭಾಗ ಬಿಟ್ಟುಬಿಡು. ಪ್ರಶ್ನೆ ಕೇಳುವಾಗ ಯಾರಾದರೂ ಅತ್ತರೆ ಅಲ್ಲಿಗೇ ನಿಲ್ಲಿಸು, ಪಕ್ಕದಲ್ಲಿ ಕೂರು, ಪೆನ್ನು ಕೆಳಗಿಡು. ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಧಾರವಾಡದಲ್ಲೇ ಇದೆ. ಅಲ್ಲಿಯ ಮನಶ್ಶಾಸ್ತ್ರಜ್ಞರೊಬ್ಬರ ಜೊತೆ ಮೊದಲೇ ಮಾತಾಡಿಟ್ಟುಕೋ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಇದನ್ನು ಒಪ್ಪಿಗೆ ಪತ್ರದಲ್ಲೇ ಅಚ್ಚು ಹಾಕಿಸು. ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಐವತ್ತು ಅರವತ್ತು ಹುಡುಗಿಯರನ್ನು ಒಂದೇ ಸಲ ನೋಡಿ "ತಾರತಮ್ಯದಿಂದಲೇ ಬಿಪಿ ಬಂತು" ಅಂತ ಬರೆಯಲು ಬರುವುದಿಲ್ಲ. "ಎರಡೂ ಒಟ್ಟಿಗೆ ಕಂಡವು" ಅಥವಾ "ಕಾಣಲಿಲ್ಲ" ಅಷ್ಟೇ ಬರೆಯಬೇಕು. ಇಪ್ಪತ್ತರ ಹರೆಯದಲ್ಲಿ ಬಿಪಿ ವ್ಯತ್ಯಾಸ ಕಾಣದೆಯೂ ಇರಬಹುದು. ನಿದ್ದೆಯಲ್ಲಿ, ಒತ್ತಡದ ಅಂಕದಲ್ಲಿ ಮೊದಲು ಕಾಣುವ ಸಾಧ್ಯತೆ ಹೆಚ್ಚು. ಕಾಣದಿದ್ದರೆ ಕಾಣಲಿಲ್ಲ ಅಂತಲೇ ಬರೆ. ಮುಂದಿನ ಬೇಸಿಗೆಗೆ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮತ್ತು ಉಳಿದೆರಡು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಸಮ್ಮರ್ ಫೆಲೋಶಿಪ್‌ಗೆ ಅರ್ಜಿ ಹಾಕು. ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು. ಕಾರ್ಟಿಸಾಲ್ ಆಸೆ ಅಲ್ಲಿ ತೀರಿಸಿಕೊಳ್ಳಬಹುದು.

ಪ್ರಶ್ನೆ: ನಾನು ಹೈಸ್ಕೂಲ್ ಮಾಸ್ತರ. ವಿದ್ಯಾರ್ಥಿವೇತನದ ಫಾರ್ಮ್ ತುಂಬಿಸುವಾಗ ತರಗತಿಯಲ್ಲೇ "ಎಸ್ಸಿ, ಎಸ್ಟಿ ಮಕ್ಕಳು ಎದ್ದು ನಿಲ್ಲಿ" ಅನ್ನುವುದು ಮೊದಲಿಂದ ನಡೆದುಬಂದಿದೆ. ಕೆಲಸ ಬೇಗ ಆಗುತ್ತದೆ. ಇದರಿಂದ ಮಕ್ಕಳಿಗೆ ತೊಂದರೆ ಉಂಟೇ?
— ಹಿರೇಕೆರೂರು ತಾಲೂಕು

ಉತ್ತರ: ಉಂಟು ಸರ್. ದಯವಿಟ್ಟು ಈ ವಾರವೇ ನಿಲ್ಲಿಸಿ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ 6 ಮತ್ತು 7ನೇ ತರಗತಿಯ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟರು. ಬಿಡಿಸಿದಷ್ಟೂ ದುಡ್ಡು. ಜಾತಿಯ ಸುದ್ದಿ ಎತ್ತದಿದ್ದಾಗ ಮೇಲ್ಜಾತಿ ಹುಡುಗರೂ ಕೆಳಜಾತಿ ಹುಡುಗರೂ ಹೆಚ್ಚುಕಡಿಮೆ ಸಮ ಬಿಡಿಸಿದರು. ಹೆಸರಿನ ಜೊತೆ ಜಾತಿಯನ್ನೂ ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳಿದ ಗುಂಪುಗಳಲ್ಲಿ ಕೆಳಜಾತಿಯವರು ಬಿಡಿಸಿದ ಒಗಟುಗಳು ಕಡಿಮೆಯಾದವು. ಬೈದಿರಲಿಲ್ಲ, ಹೊಡೆದಿರಲಿಲ್ಲ. ಬರೇ ಓದಿ ಹೇಳಿದ್ದರು. ನಿಮ್ಮ ತರಗತಿಯಲ್ಲಿ ಎದ್ದು ನಿಂತ ಹುಡುಗ ಕೂತ ಮೇಲೆ ನೀವು ಗಣಿತ ಶುರು ಮಾಡುತ್ತೀರಿ. ಅವನ ತಲೆಯಲ್ಲಿ ಆಗ ಗಣಿತಕ್ಕೆ ಎಷ್ಟು ಜಾಗ ಉಳಿದಿರುತ್ತದೆ?

ಎಲ್ಲ ಮಕ್ಕಳಿಗೂ ಫಾರ್ಮ್ ಹಂಚಿ, ಮನೆಯಲ್ಲಿ ತುಂಬಿಸಿ ಮಡಚಿ ತಂದುಕೊಡಲು ಹೇಳಿ. ಬೇಕಿದ್ದ ದಾಖಲೆ ಕೇಳಲು ಆಫೀಸಿಗೆ ಒಬ್ಬೊಬ್ಬರನ್ನೇ ಕರೆಯಿರಿ. ಒಂದು ದಿನ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ.

ಪ್ರಶ್ನೆ: ನನಗೆ 71 ವರ್ಷ. ನಮ್ಮ ಕಾಲದಾಗ ಇದನ್ನೆಲ್ಲ ಉಂಡು ಸಹಿಸಿಕೊಂಡು ಮ್ಯಾಲ ಬಂದೀವಿ. ಈಗಿನವರಿಗೆ ಒಂದು ಮಾತು ಅಂದ್ರ ಡಿಪ್ರೆಶನ್. ಗಟ್ಟಿತನ ಕಡಿಮೆ ಆಗಿಲ್ಲೇನು?
— ಗದಗ

ಉತ್ತರ: ಹಿರಿಯರೇ, ನೀವು ಸಹಿಸಿದ್ದನ್ನು ನಾನು ಸಣ್ಣದು ಅನ್ನುವುದಿಲ್ಲ. ನನ್ನ ಅಪ್ಪನೂ ಸಹಿಸಿದವರೇ. ಆದರೆ ಸಹಿಸಿದ್ದಕ್ಕೆ ಮೈ ಏನು ಬೆಲೆ ತೆತ್ತಿತು ಅಂತ ಲೆಕ್ಕ ಇಟ್ಟವರು ಯಾರು?

ಶರ್ಮನ್ ಜೇಮ್ಸ್ ಎಂಬ ಸಂಶೋಧಕರು 1978ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಒಬ್ಬ ಮುದಿ ಕಪ್ಪು ರೈತರನ್ನು ಭೇಟಿಯಾದರು. ಶಾಲೆ ಕಲಿತಿದ್ದು ಬಹಳ ಕಡಿಮೆ. 75 ಎಕರೆ ಹೊಲ ಕೊಂಡು, ತೀರಿಸಲು 40 ವರ್ಷ ಇದ್ದ ಸಾಲವನ್ನು ಹಗಲೂ ರಾತ್ರಿ ದುಡಿದು 5 ವರ್ಷದಲ್ಲಿ ತೀರಿಸಿದ್ದರು. ಐವತ್ತರ ಹರೆಯದಲ್ಲೇ ಬಿಪಿ, ಸಂಧಿವಾತ, ಹೊಟ್ಟೆಹುಣ್ಣು. ಗಟ್ಟಿತನ ಅವರಲ್ಲಿ ಕಡಿಮೆ ಇತ್ತೇ? ಕೈಯಲ್ಲಿ ಏನೂ ಇಲ್ಲದೆ, ಎದುರಿಗೆ ಅನ್ಯಾಯ ಇಟ್ಟುಕೊಂಡು ಹಲ್ಲುಕಚ್ಚಿ ದುಡಿದವರಿಗೇ ಬಿಪಿ ಹೆಚ್ಚು ಕಾಡುತ್ತದೆಯೇ ಎಂದು ಜೇಮ್ಸ್ ಮುಂದೆ ಎಷ್ಟೋ ವರ್ಷ ಹುಡುಕಿದರು.

ನಮ್ಮ ದೇಶದ್ದೂ ಇದೆ. ಬಿಹಾರ, ಉತ್ತರ ಪ್ರದೇಶ ಸೇರಿದಂತೆ ಒಂಬತ್ತು ರಾಜ್ಯಗಳ ಲೆಕ್ಕ 2022ರಲ್ಲಿ ಪ್ರಕಟವಾಯಿತು. ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಸರಾಸರಿ ಆಯಸ್ಸು 4 ವರ್ಷಕ್ಕೂ ಮಿಕ್ಕಿ ಕಡಿಮೆ, ದಲಿತರದ್ದು 3 ವರ್ಷಕ್ಕೂ ಮಿಕ್ಕಿ ಕಡಿಮೆ, ಮುಸ್ಲಿಮರದ್ದು ಸುಮಾರು 1 ವರ್ಷ ಕಡಿಮೆ. "ಬಡತನ ಅದು" ಅನ್ನಬಹುದು. ಆಸ್ತಿಪಾಸ್ತಿಯ ವ್ಯತ್ಯಾಸ ತೆಗೆದು ನೋಡಿದರೂ ಅರ್ಧಕ್ಕಿಂತ ಹೆಚ್ಚು ಅಂತರ ಹಾಗೇ ಉಳಿಯಿತು. ಅದಷ್ಟೂ ಅವಮಾನದಿಂದಲೇ ಅಂತ ನಾನು ಹೇಳಲಾರೆ. ಆಸ್ಪತ್ರೆಯಲ್ಲಿ ಹೇಗೆ ಮುಟ್ಟಿ ನೋಡುತ್ತಾರೆ, ಊರಿನ ಯಾವ ಮೂಲೆಯಲ್ಲಿ ಮನೆ, ಕುಡಿಯುವ ನೀರು ಎಲ್ಲಿಯದು, ಎಲ್ಲವೂ ಅದರಲ್ಲಿ ಸೇರಿವೆ. ಸಹಿಸಿಕೊಂಡು 71 ಮುಟ್ಟಿದ ನೀವು ನನಗೆ ಪತ್ರ ಬರೆದಿರಿ. ನಿಮ್ಮ ಓರಗೆಯವರಲ್ಲಿ ಅಷ್ಟೇ ಸಹಿಸಿಯೂ ಐವತ್ತೈದಕ್ಕೆ ಹೋದವರು ಬರೆಯಲಾರರು. ಮೊಮ್ಮಕ್ಕಳು "ನನಗೆ ಹೀಗಾಯಿತು" ಅಂತ ಬಾಯಿಬಿಟ್ಟು ಹೇಳಿದರೆ ಕೇಳಿಸಿಕೊಳ್ಳಿ. ನಿಮಗೆ ಹಾಗೆ ಹೇಳಲು ಆಗ ಯಾರಿದ್ದರು?

ಪ್ರಶ್ನೆ: ನಾನು ಒಂದು ಕಚೇರಿಯಲ್ಲಿ ಅಟೆಂಡರ್, ವಯಸ್ಸು 54. ಎಲ್ಲರ ಮುಂದೆ ಏಕವಚನದಲ್ಲಿ ಬೈಸಿಕೊಂಡ ದಿನ ತಲೆ ಸಿಡಿಯುತ್ತದೆ, ಬಿಪಿ 160 ದಾಟುತ್ತದೆ. ಇದು ಟೆನ್ಶನ್ ಬಿಪಿ, ಗುಳಿಗೆ ಬಿಟ್ಟು ಧ್ಯಾನ ಮಾಡು ಅಂತ ಗೆಳೆಯರು ಹೇಳುತ್ತಾರೆ. ಬಿಡಲೇ?
— ಹುಬ್ಬಳ್ಳಿ

ಉತ್ತರ: ಬಿಡಬೇಡಿ ಅಣ್ಣಾವ್ರೇ. ಯಾವ ಕಾರಣದಿಂದ ಏರಿದರೂ ರಕ್ತನಾಳಕ್ಕೆ ಪೆಟ್ಟು ಅದೇ. ಧ್ಯಾನ ಮಾಡಿ, ಗುಳಿಗೆಯ ಜೊತೆಗೆ.

ನಿಮ್ಮ ಅನುಭವ ಸುಳ್ಳಲ್ಲ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ, ಮೇಲಿನ ಅಧಿಕಾರಿಗಳಿಗೆ ಹೋಲಿಸಿದರೆ ಕಡತ ಹೊರುವ, ಬಾಗಿಲು ಕಾಯುವ ನೌಕರರು ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಮೂರು ಪಟ್ಟಿಗಿಂತ ಜಾಸ್ತಿ ಇತ್ತು. ಬೀಡಿ ಸಿಗರೇಟು, ಬಿಪಿ, ಕೊಬ್ಬು ಎಲ್ಲ ಲೆಕ್ಕ ಹಾಕಿದರೂ ಅಂತರ ಪೂರ್ತಿ ಅಳಿಯಲಿಲ್ಲ. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ, ಮಾಡುವ ಕೆಲಸದ ಮೇಲೆ ತಮ್ಮ ಹಿಡಿತ ಕಡಿಮೆ ಇದ್ದವರಿಗೆ ಹೃದಯದ ತೊಂದರೆ ಹೆಚ್ಚು ಕಂಡಿತು.

ಮನೆಯಲ್ಲಿ ಬಿಪಿ ಮಶಿನ್ ಇದ್ದರೆ ಒಂದು ವಾರ ಬೆಳಗ್ಗೆ ಗುಳಿಗೆಗೆ ಮೊದಲು ಎರಡು ಸಲ, ರಾತ್ರಿ ಎರಡು ಸಲ ಬರೆದಿಡಿ. ಬೈಸಿಕೊಂಡ ದಿನ ಪಕ್ಕದಲ್ಲಿ ಗುರುತು ಹಾಕಿ. ಮನೆಯ ಸರಾಸರಿ 135/85 ದಾಟಿದರೆ ಗುಳಿಗೆ ಬದಲಿಸಬೇಕಾಗಬಹುದು. ಆ ಚೀಟಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಗುರುತು ಯಾಕೆ ಹಾಕಿದ್ದೀರಿ ಅಂತಲೂ ಹೇಳಿ. ಬೈಗುಳದಲ್ಲಿ ಜಾತಿ ಹೆಸರು ಬಂದಿದ್ದರೆ ದಿನಾಂಕ, ಆಡಿದ ಮಾತು, ಎದುರಿಗಿದ್ದವರ ಹೆಸರು ಬೇರೆ ಹಾಳೆಯಲ್ಲಿ ಬರೆದಿಡಿ. ನೀವು ಎಸ್ಸಿ ಅಥವಾ ಎಸ್ಟಿ ಆಗಿದ್ದರೆ ಅದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಆ ಹಾಳೆ ವಕೀಲರಿಗೆ ಬೇಕಾಗುತ್ತದೆ. ಎದೆ ಹಿಂಡಿದಂತಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಮಾತ್ರ ಯಾವ ಚೀಟಿಯನ್ನೂ ಹುಡುಕಬೇಡಿ. 108ಕ್ಕೆ ಫೋನ್ ಮಾಡಿಸಿ.